ಮರೆವಿನ ರೋಗಕ್ಕೆ ಒಂದೇ ಕಾರಣ ಹುಡುಕುವ ಹಟ

ಅಲ್ಜೈಮರ್ಸ್ ರೋಗ ಎಷ್ಟು ಬಲಿತಿದೆ ಎಂದು ತಿಳಿಯಲು ವೈದ್ಯರು ಬಳಸುವ 18 ಅಂಕಗಳ ಒಂದು ಮಾಪಕವಿದೆ. ನೆನಪು, ದಿನ–ದಿಕ್ಕುಗಳ ಅರಿವು, ತೀರ್ಮಾನ ಮಾಡುವ ಶಕ್ತಿ, ಹೊರಗಿನ ವ್ಯವಹಾರ, ಮನೆಗೆಲಸ, ಸ್ವಂತ ಮೈಯ ಆರೈಕೆ ಈ ಆರರಲ್ಲಿ ವ್ಯಕ್ತಿ ಎಷ್ಟೆಷ್ಟು ಕಳೆದುಕೊಂಡಿದ್ದಾನೆ ಎಂಬುದನ್ನು ಅದು ಲೆಕ್ಕ ಹಾಕುತ್ತದೆ. ಅಂಕ ಏರಿದಷ್ಟೂ ರೋಗ ಏರಿದೆ ಎಂದರ್ಥ. 2022ರ ಕೊನೆಗೆ ಫಲಿತಾಂಶ ಹೊರಬಿದ್ದ ಲೆಕನೆಮ್ಯಾಬ್ ಔಷಧದ ಪ್ರಯೋಗದಲ್ಲಿ ರೋಗದ ಆರಂಭದ ಹಂತದಲ್ಲಿದ್ದ 1,795 ಮಂದಿ ಪಾಲ್ಗೊಂಡಿದ್ದರು. ಹದಿನೆಂಟು ತಿಂಗಳಾಗುವ ಹೊತ್ತಿಗೆ ಔಷಧ ಪಡೆದವರ ಅಂಕ ಸರಾಸರಿ 1.21ರಷ್ಟು ಏರಿತ್ತು, ಹುಸಿ ಔಷಧ ಪಡೆದವರದು 1.66ರಷ್ಟು. ನಡುವಿನ ಅಂತರ 0.45. ‘ರೋಗದ ವೇಗ ಶೇ 27ರಷ್ಟು ಇಳಿಕೆ’ ಎಂದು ಸುದ್ದಿಯಾದದ್ದು ಇದೇ. ಎರಡು ಲೆಕ್ಕಗಳೂ ಸರಿಯೇ. ಆದರೆ ಅದೇ ಪ್ರಯೋಗದ ಇನ್ನೊಂದು ಫಲಿತಾಂಶ ಇದಕ್ಕಿಂತ ಹೆಚ್ಚಿನ ಚರ್ಚೆಗೆ ಯೋಗ್ಯವಾದದ್ದು. ಈ ರೋಗದ ಮೂಲವೆಂದು ಮೂರು ದಶಕಗಳಿಂದ ಹೇಳಿಕೊಂಡು ಬಂದ ಅಮಿಲಾಯ್ಡ್ ಎಂಬ ಪ್ರೋಟೀನಿನ ಶೇಖರಣೆ, ಔಷಧ ಪಡೆದವರ ಮೆದುಳಿನಲ್ಲಿ, ಸ್ಕ್ಯಾನ್ ‘ಇದೆ’ ಎಂದು ಗುರುತಿಸುವ ಮಟ್ಟಕ್ಕಿಂತಲೂ ಸರಾಸರಿಯಲ್ಲಿ ಕೆಳಗಿಳಿದಿತ್ತು. ಮೂಲವೆಂದದ್ದು ಬಹುಮಟ್ಟಿಗೆ ಹೋಗಿತ್ತು. ರೋಗಿಗಳು ಮಾತ್ರ ಸ್ವಲ್ಪ ನಿಧಾನವಾಗಿ ಮರೆಯುತ್ತಲೇ ಇದ್ದರು.

ಈ ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಏಳುವ ಪ್ರಶ್ನೆ ಪ್ರಯೋಗಾಲಯದೊಳಗೇ ಉಳಿಯುವಂಥದ್ದಲ್ಲ. ಭಾರತದಂಥ ದೇಶ ತನ್ನ ದುಡ್ಡನ್ನೂ ವಿಜ್ಞಾನಿಗಳನ್ನೂ ಎಲ್ಲಿ ತೊಡಗಿಸಬೇಕು ಎಂಬುದು ಇದರ ಉತ್ತರವನ್ನು ಅವಲಂಬಿಸಿದೆ. ಮುದಿ ಮೆದುಳು ಒಂದೇ ಕಾರಣದಿಂದ ಕೆಡುವುದು ಅಪರೂಪ ಎಂದು ಶವಪರೀಕ್ಷೆಗಳು ಬಹಳ ಹಿಂದೆಯೇ ಹೇಳಿವೆ. ಆದರೂ ಸಂಶೋಧನೆಯ ಹಣವೂ ಪ್ರತಿಷ್ಠೆಯೂ ಒಂದೇ ಕಾರಣದ ಬೆನ್ನು ಬಿದ್ದವು. ನಾವು ಅದೇ ದಾರಿಯಲ್ಲಿ ಮೂವತ್ತು ವರ್ಷ ತಡವಾಗಿ ಹೊರಡುವ ಬದಲು, ನಮ್ಮ ಜನರ ಮೆದುಳನ್ನು, ಅದರಲ್ಲೂ ಅದಕ್ಕೆ ರಕ್ತ ಒಯ್ಯುವ ನಾಳಗಳನ್ನು ನೋಡುವುದರಿಂದ ಶುರು ಮಾಡಬೇಕು ಎಂಬುದು ನನ್ನ ವಾದ.

ರೋಗಕ್ಕೆ ಹೆಸರು ತಂದುಕೊಟ್ಟ ಮೊದಲ ವರದಿಯನ್ನೇ ನೋಡಿ. ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ 1901ರಲ್ಲಿ ಸೇರಿದ, ಆಗ 51 ವರ್ಷದವಳಾಗಿದ್ದ ಆಗಸ್ಟೆ ಡೆಟೆರ್ ಎಂಬಾಕೆ 1906ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ, ಅಲೋಯಿಸ್ ಅಲ್ಜೈಮರ್ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ. ಅದೇ ವರ್ಷದ ನವೆಂಬರ್‌ನಲ್ಲಿ ಟ್ಯೂಬಿಂಗನ್‌ನ ಸಭೆಯಲ್ಲಿ ತಾನು ಕಂಡದ್ದನ್ನು ಮಂಡಿಸಿದ. ನರಕೋಶಗಳ ಹೊರಗೆ ಕೂಡಿಕೊಂಡ ವಿಚಿತ್ರ ವಸ್ತು, ಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳು—ಇವೆರಡೂ ಇಂದು ಪಠ್ಯಪುಸ್ತಕ ಓದಿದವರಿಗೆಲ್ಲ ಗೊತ್ತು. ಮೊದಲನೆಯದು ಅಮಿಲಾಯ್ಡ್, ಎರಡನೆಯದು ಟೌ ಎಂದು ಎಷ್ಟೋ ದಶಕಗಳ ನಂತರ ತಿಳಿಯಿತು. ಆದರೆ 1907ರಲ್ಲಿ ಅಚ್ಚಾದ ಆ ಚಿಕ್ಕ ವರದಿಯಲ್ಲಿ ಇನ್ನೂ ಎರಡು ಸಂಗತಿಗಳಿದ್ದವು. ಮೆದುಳಿನ ದೊಡ್ಡ ರಕ್ತನಾಳಗಳು ಗಡುಸಾಗಿದ್ದವು. ನರಕೋಶಗಳನ್ನು ಪೊರೆಯುವ ಗ್ಲಿಯಾ ಕೋಶಗಳಲ್ಲಿ ಕೊಬ್ಬಿನ ಚೀಲಗಳು ತುಂಬಿದ್ದವು. ಅಲ್ಜೈಮರ್ ಬರೆದಿಟ್ಟದ್ದು ನಾಲ್ಕು ಸಂಗತಿ, ಉಳಿದುಬಂದದ್ದು ಎರಡು, ಔಷಧ ಕಂಪನಿಗಳು ಕೈಗೆತ್ತಿಕೊಂಡದ್ದು ಮುಖ್ಯವಾಗಿ ಒಂದನ್ನು.

ಆ ಒಂದನ್ನು ಆರಿಸಿಕೊಂಡದ್ದಕ್ಕೆ ಕಾರಣವಿರಲಿಲ್ಲ ಎಂದರೆ ಅನ್ಯಾಯವಾಗುತ್ತದೆ. 1984ರಲ್ಲಿ ಗ್ಲೆನ್ನರ್ ಮತ್ತು ವಾಂಗ್ ಅಮಿಲಾಯ್ಡ್‌ನ ರಚನೆಯನ್ನು ಬಿಡಿಸಿಟ್ಟರು. ಅದನ್ನು ಹುಟ್ಟಿಸುವ ಜೀನ್ 21ನೇ ವರ್ಣತಂತುವಿನಲ್ಲಿದೆ ಎಂದು ಗೊತ್ತಾಯಿತು. ಆ ವರ್ಣತಂತುವಿನ ಮೂರು ಪ್ರತಿಗಳೊಂದಿಗೆ ಹುಟ್ಟುವ ಡೌನ್ ಸಿಂಡ್ರೋಮ್ ಉಳ್ಳವರಲ್ಲಿ ನಲವತ್ತರ ಹೊತ್ತಿಗೇ ಈ ಶೇಖರಣೆ ಕಾಣಿಸುತ್ತದೆ. 1991ರಲ್ಲಿ, ಎಳೆಯ ವಯಸ್ಸಿನಲ್ಲೇ ರೋಗ ಬರುವ ಕುಟುಂಬವೊಂದರಲ್ಲಿ ಅದೇ ಜೀನ್‌ನ ದೋಷ ಪತ್ತೆಯಾಯಿತು. ಮರುವರ್ಷ ಹಾರ್ಡಿ ಮತ್ತು ಹಿಗ್ಗಿನ್ಸ್ ಇದನ್ನೆಲ್ಲ ಪೋಣಿಸಿ, ಮೊದಲು ಅಮಿಲಾಯ್ಡ್, ಅದರ ಹಿಂದೆ ಟೌ, ಆಮೇಲೆ ಕೋಶಗಳ ಸಾವು, ಕೊನೆಗೆ ಮರೆವು ಎಂಬ ಸರಪಳಿಯನ್ನು ಮುಂದಿಟ್ಟರು. ಸೊಗಸಾದ ತರ್ಕ. ತೊಂದರೆ ಹುಟ್ಟಿದ್ದು ಈ ತರ್ಕ ಪರೀಕ್ಷಿಸಬೇಕಾದ ಊಹೆಯಾಗಿ ಉಳಿಯದೆ, ಅನುದಾನ ಯಾರಿಗೆ ಎಂದು ನಿರ್ಧರಿಸುವ ಒರೆಗಲ್ಲಾದಾಗ. ಬೇರೆ ಕಾರಣಗಳ ಜಾಡು ಹಿಡಿದವರಿಗೆ ಹಣವೂ ಪ್ರಕಟಣೆಯೂ ಹೇಗೆ ದಕ್ಕದೆ ಹೋದವು ಎಂಬುದನ್ನು ವಿಜ್ಞಾನ ಪತ್ರಕರ್ತೆ ಶರೋನ್ ಬೆಗ್ಲಿ 2019ರಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಅಮಿಲಾಯ್ಡ್ ತಯಾರಿಕೆಯನ್ನೇ ತಡೆಯಲು ಹೊರಟ ಸೆಮಗಾಸೆಸ್ಟಾಟ್, ವೆರುಬೆಸೆಸ್ಟಾಟ್ ಔಷಧಗಳು ರೋಗಿಗಳ ಬುದ್ಧಿಶಕ್ತಿಯನ್ನು ಇನ್ನಷ್ಟು ಕುಗ್ಗಿಸಿದವು. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ತನ್ನದೇ ತಜ್ಞರ ಸಮಿತಿಯ ಮಾತನ್ನು ಮೀರಿ, ಅಮಿಲಾಯ್ಡ್ ತೆಗೆಯುವ ಅಡುಕನುಮ್ಯಾಬ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಸಮಿತಿಯ ಮೂವರು ರಾಜೀನಾಮೆ ಕೊಟ್ಟರು. 2024ರಲ್ಲಿ ಅದನ್ನು ತಯಾರಿಸಿದ ಕಂಪನಿಯೇ ಆ ಔಷಧವನ್ನು ಕೈಬಿಟ್ಟಿತು.

ಇಲ್ಲೊಂದು ಎಚ್ಚರಿಕೆ ಬೇಕು. ಮಿನ್ನೆಸೋಟ ವಿಶ್ವವಿದ್ಯಾಲಯದಿಂದ 2006ರಲ್ಲಿ ಬಂದ, ಅಮಿಲಾಯ್ಡ್‌ನ ಒಂದು ವಿಶೇಷ ರೂಪವೇ ಇಲಿಗಳ ನೆನಪು ಅಳಿಸುತ್ತದೆ ಎಂದ ಪ್ರಸಿದ್ಧ ಪ್ರಬಂಧದ ಚಿತ್ರಗಳನ್ನು ತಿದ್ದಲಾಗಿದೆ ಎಂಬ ಅನುಮಾನ 2022ರಲ್ಲಿ ಬಯಲಿಗೆ ಬಂತು. 2024ರಲ್ಲಿ ಆ ಪ್ರಬಂಧ ಹಿಂತೆಗೆದುಕೊಳ್ಳಲ್ಪಟ್ಟಿತು. ಅಲ್ಲಿಗೆ ‘ಅಮಿಲಾಯ್ಡ್ ಕಥೆಯೇ ಮೋಸ’ ಎಂಬ ಮಾತು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತು. ಅದು ಸುಳ್ಳು. ಮೇಲೆ ಹೇಳಿದ ಜೀನ್‌ಗಳ ಪುರಾವೆಗೂ ಆ ಪ್ರಬಂಧಕ್ಕೂ ಸಂಬಂಧವಿಲ್ಲ. ಲೆಕನೆಮ್ಯಾಬ್ ಅದರ ಮೇಲೆ ನಿಂತ ಔಷಧವೂ ಅಲ್ಲ. ಆದರೂ ಹದಿನಾರು ವರ್ಷ, ಸಾವಿರಾರು ಉಲ್ಲೇಖಗಳ ನಡುವೆ ಅದು ಪಾರಾದದ್ದು ಏಕೆ ಎಂದು ಕೇಳಬೇಕು. ಎಲ್ಲರೂ ನಂಬಲು ಸಿದ್ಧವಿದ್ದುದನ್ನೇ ಅದು ಹೇಳಿತ್ತು.

ಇನ್ನು ಮೆದುಳು ಏನು ಹೇಳುತ್ತದೆ ನೋಡೋಣ. ಸಂಶೋಧಕ ಡೇವಿಡ್ ಸ್ನೋಡನ್ ಅಮೆರಿಕದ ಕಾನ್ವೆಂಟುಗಳ 678 ಸನ್ಯಾಸಿನಿಯರನ್ನು ಒಳಗೊಂಡ ಅಧ್ಯಯನ ನಡೆಸಿದರು. ಆಹಾರ, ವಸತಿ, ದಿನಚರಿ ಎಲ್ಲ ಒಂದೇ ಬಗೆಯ, ಸತ್ತ ಮೇಲೆ ಮೆದುಳನ್ನು ಕೊಡಲು ಒಪ್ಪಿದ ಹೆಂಗಸರು ಅವರು. 1997ರಲ್ಲಿ ಪ್ರಕಟವಾದ, 102 ಮೆದುಳುಗಳ ಪರೀಕ್ಷೆಯಲ್ಲಿ 61 ಮೆದುಳುಗಳು ಅಲ್ಜೈಮರ್ಸ್‌ನ ಲಕ್ಷಣಗಳನ್ನು ಪೂರ್ತಿಯಾಗಿ ಹೊಂದಿದ್ದವು. ಆದರೆ ಆ 61 ಮಂದಿಯೂ ಬದುಕಿದ್ದಾಗ ಒಂದೇ ಬಗೆಯಲ್ಲಿ ಮರೆತಿರಲಿಲ್ಲ. ಯಾರ ಮೆದುಳಿನಲ್ಲಿ ರಕ್ತ ಸಿಗದೆ ಸತ್ತ ಸಣ್ಣ ಸಣ್ಣ ಜಾಗಗಳೂ ಇದ್ದವೋ ಅವರಲ್ಲಿ ಮರೆವು ಎದ್ದು ಕಾಣುವಷ್ಟು ಹೆಚ್ಚಿತ್ತು. ಅಂಥ ಗಾಯವಿಲ್ಲದ ಎಷ್ಟೋ ಮಂದಿ, ಮೆದುಳಿನ ತುಂಬ ಗಂಟು–ಸಿಕ್ಕುಗಳನ್ನು ಇಟ್ಟುಕೊಂಡೂ, ಸರಿಯಾಗಿಯೇ ಬಾಳಿ ಹೋಗಿದ್ದರು. ಹತ್ತು ವರ್ಷದ ನಂತರ ಶಿಕಾಗೊದ ರಷ್ ಸಂಸ್ಥೆಯವರು ಸಾಮಾನ್ಯ ವೃದ್ಧರ ಶವಪರೀಕ್ಷೆ ಮಾಡಿದಾಗ, ಮರೆವಿನ ರೋಗ ಬಂದಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮೆದುಳಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಹಾನಿ ಸಿಕ್ಕಿತು. 2019ರಲ್ಲಿ ಎಂಬತ್ತು ದಾಟಿದವರಲ್ಲಿ ಅಲ್ಜೈಮರ್ಸ್‌ನಂತೆಯೇ ಕಾಣುವ, ಟಿಡಿಪಿ-43 ಎಂಬ ಬೇರೆಯೇ ಪ್ರೋಟೀನಿನಿಂದ ಬರುವ ಇನ್ನೊಂದು ರೋಗಕ್ಕೆ ಹೆಸರಿಡಬೇಕಾಯಿತು. ಔಷಧ ಪ್ರಯೋಗಗಳು ಮಾತ್ರ ಪಾರ್ಶ್ವವಾಯು ಆದವರನ್ನು, ಮೆದುಳಿನಲ್ಲಿ ಹಲವು ಕಡೆ ರಕ್ತ ಒಸರಿದವರನ್ನು ಬದಿಗಿಟ್ಟು, ಆದಷ್ಟೂ ‘ಶುದ್ಧ’ ರೋಗಿಗಳನ್ನು ಆರಿಸಿಕೊಳ್ಳುತ್ತ ಬಂದವು. ನಿಜ ಜೀವನದಲ್ಲಿ ವೈದ್ಯರ ಮುಂದೆ ಬಂದು ಕೂರುವ, ಸಕ್ಕರೆ ಕಾಯಿಲೆಯೂ ಬಿಪಿಯೂ ಇರುವ ಎಪ್ಪತ್ತೈದರ ಅಜ್ಜಿಗೆ ಅಂಥ ಪ್ರಯೋಗದ ಫಲ ಎಷ್ಟು ಅನ್ವಯಿಸುತ್ತದೆ? ಕೋಲಾರದ ಕಡೆಯ ರೈತರಿಗೆ ಗೊತ್ತಿರುವ ಸಂಗತಿ ಇದು: ಕೆರೆಯ ಹೂಳು ಎತ್ತಿಸಬಹುದು, ನೀರು ತರುವ ಕಾಲುವೆ ಮುಚ್ಚಿಹೋಗಿದ್ದರೆ ಕೆರೆ ತುಂಬುವುದಿಲ್ಲ.

ಇದಕ್ಕೆ ಎದುರಾಗಿ ಬರುವ ಬಲವಾದ ಆಕ್ಷೇಪ ಜೀನ್‌ಗಳದ್ದೇ. ಅಮಿಲಾಯ್ಡ್ ಕಡಿಮೆ ಹುಟ್ಟಿಸುವ ಒಂದು ಅಪರೂಪದ ಬದಲಾವಣೆ ಇರುವವರಿಗೆ ರೋಗ ಬರುವುದು ಕಡಿಮೆ ಎಂದು 2012ರಲ್ಲಿ ಐಸ್‌ಲ್ಯಾಂಡ್‌ನಿಂದ ವರದಿಯಾಯಿತು. ಹೆಚ್ಚಾದರೆ ರೋಗ, ಕಡಿಮೆಯಾದರೆ ರಕ್ಷಣೆ. ಇದಕ್ಕಿಂತ ಪುರಾವೆ ಬೇಕೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಅಮಿಲಾಯ್ಡ್‌ಗೂ ರೋಗಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಶುರುಮಾಡುವ ಶಕ್ತಿ ಇರುವ ವಸ್ತುವಿಗೆ, ಶುರುವಾದ ಮೇಲೆ ಎಲ್ಲವನ್ನೂ ನಡೆಸುವ ಶಕ್ತಿಯೂ ಇರಲೇಬೇಕೆಂದಿಲ್ಲ. ಕೊಲಂಬಿಯಾದ ಆಂಟಿಯೋಕಿಯ ಪ್ರಾಂತ್ಯದಲ್ಲಿ ಫ್ರಾನ್ಸಿಸ್ಕೊ ಲೊಪೆರಾ ದಶಕಗಳ ಕಾಲ ಅಧ್ಯಯನ ಮಾಡಿದ ದೊಡ್ಡ ಕುಟುಂಬವೊಂದಿದೆ. ಅಲ್ಲಿ ಒಂದು ಜೀನ್ ದೋಷ ಹೊತ್ತವರಿಗೆ ನಲವತ್ತರ ನಡುವಿನಲ್ಲೇ ಮರೆವು ಶುರುವಾಗುತ್ತದೆ. ಆ ದೋಷವಿದ್ದೂ ಎಪ್ಪತ್ತರವರೆಗೆ ಬುದ್ಧಿ ಚುರುಕಾಗಿಟ್ಟುಕೊಂಡ ಒಬ್ಬ ಹೆಂಗಸಿನ ವಿವರ 2019ರಲ್ಲಿ ಪ್ರಕಟವಾಯಿತು. ಆಕೆಯ ಮೆದುಳಿನಲ್ಲಿ ಅಮಿಲಾಯ್ಡ್ ಬೇಕಾದಷ್ಟಿತ್ತು; ಟೌ ಹರಡಿದ್ದು ಬಹಳ ಕಡಿಮೆ. ಕೊಬ್ಬನ್ನು ಸಾಗಿಸುವ ಎಪಿಒಇ ಎಂಬ ಪ್ರೋಟೀನಿನ ಅಪರೂಪದ ಒಂದು ರೂಪ ಆಕೆಯನ್ನು ಕಾಪಾಡಿತ್ತು. ಅಂದರೆ ಅಮಿಲಾಯ್ಡ್‌ಗೂ ಮರೆವಿಗೂ ನಡುವಿನ ದಾರಿಯಲ್ಲಿ ತಡೆಯೊಡ್ಡಬಹುದಾದ ಜಾಗಗಳು ಬೇರೆಯೂ ಇವೆ. ಮೇಲಾಗಿ ಒಂದೇ ಜೀನ್ ದೋಷದಿಂದ ಎಳೆಯ ವಯಸ್ಸಿನಲ್ಲಿ ಬರುವ ರೋಗ ಒಟ್ಟು ರೋಗಿಗಳಲ್ಲಿ ಹೆಚ್ಚೆಂದರೆ ನೂರಕ್ಕೆ ಒಬ್ಬರದು.

ಇನ್ನೊಂದು ಆಕ್ಷೇಪ: ಮೊದಲ ಔಷಧ ಯಾವಾಗಲೂ ದುರ್ಬಲವಾಗಿಯೇ ಇರುತ್ತದೆ, 1987ರಲ್ಲಿ ಬಂದ ಏಡ್ಸ್‌ನ ಮೊದಲ ಔಷಧ ಎಜೆಡ್‌ಟಿಯ ಫಲವೂ ಅಲ್ಪವೇ ಆಗಿತ್ತು. ಹೋಲಿಕೆ ಒಪ್ಪುವಂಥದ್ದೇ. ಆದರೆ ಏಡ್ಸ್‌ನ ಸ್ಥಿತಿ ಬದಲಾದದ್ದು ಬೇರೆ ಬೇರೆ ಕಡೆ ಹೊಡೆಯುವ ಔಷಧಗಳನ್ನು ಒಟ್ಟಿಗೆ ಕೊಟ್ಟಾಗ. ಹಾಗಾಗಿ ಈ ಉದಾಹರಣೆ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಅಲ್ಲಿಯವರೆಗೆ ಲೆಕ್ಕ ಹೀಗಿದೆ: ಲೆಕನೆಮ್ಯಾಬ್‌ಗೆ ಅಮೆರಿಕದಲ್ಲಿ ಇಟ್ಟ ಬೆಲೆ ವರ್ಷಕ್ಕೆ 26,500 ಡಾಲರ್, ಆರಂಭದಲ್ಲಿ ಎರಡು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡಬೇಕು, ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕು. ಏಕೆಂದರೆ ಪ್ರಯೋಗದಲ್ಲಿ ಶೇ 12.6ರಷ್ಟು ಮಂದಿಯ ಮೆದುಳಿನಲ್ಲಿ ಬಾವು ಕಾಣಿಸಿಕೊಂಡಿತ್ತು. ಬಹಳ ಮಂದಿಗೆ ಅದರಿಂದ ತೊಂದರೆಯೇನೂ ತಿಳಿಯಲಿಲ್ಲ, ಕೆಲವರಿಗೆ ಗಂಭೀರವಾಯಿತು. ಬ್ರಿಟನ್‌ನಲ್ಲಿ ಔಷಧಕ್ಕೆ ಪರವಾನಗಿ ಸಿಕ್ಕರೂ, ಸಾರ್ವಜನಿಕ ಹಣದಲ್ಲಿ ಏನನ್ನು ಕೊಳ್ಳಬೇಕೆಂದು ತೂಗಿ ಹೇಳುವ ನೈಸ್ ಸಂಸ್ಥೆ 2024ರ ಕರಡಿನಲ್ಲಿ ಬೇಡವೆಂದಿತು. ಶಕ್ತಿಯಿರುವ ಕುಟುಂಬ, ಅಪಾಯ ತಿಳಿದುಕೊಂಡು, ಈ ಔಷಧಕ್ಕೆ ಖರ್ಚು ಮಾಡಿದರೆ ಅದನ್ನು ಟೀಕಿಸುವ ಹಕ್ಕು ಯಾರಿಗೂ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಎಂಆರ್‌ಐ ಇಲ್ಲದ ದೇಶದ ಆದ್ಯತೆ ಬೇರೆ ವಿಚಾರ.

ಭಾರತದ ಕುರಿತು ಇತ್ತೀಚಿನವರೆಗೆ ಒಂದು ಸಮಾಧಾನದ ಕಥೆ ಚಾಲ್ತಿಯಲ್ಲಿತ್ತು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ತೊಂಬತ್ತರ ದಶಕದಲ್ಲಿ ಭಾರತ–ಅಮೆರಿಕ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ ಅಲ್ಜೈಮರ್ಸ್ ಬಹಳ ಕಡಿಮೆ ಕಂಡಿತ್ತು. ಅದು ಶ್ರದ್ಧೆಯಿಂದ ಮಾಡಿದ ಕೆಲಸ. ಓದುಬರಹ ಬಾರದವರಿಗೆಂದೇ ಸ್ಮರಣೆಯ ಪರೀಕ್ಷೆಯನ್ನು ಹಿಂದಿಯಲ್ಲಿ ಹೊಸದಾಗಿ ರೂಪಿಸಿದ್ದರು. ಆಯಸ್ಸು ಕಡಿಮೆ ಇದ್ದುದು, ರೋಗ ಬಂದವರು ಬೇಗ ತೀರಿಕೊಳ್ಳುತ್ತಿದ್ದುದು ಮುಂತಾದ ಕಾರಣಗಳನ್ನು ತೂಗಿ ನೋಡುವ ಮೊದಲೇ ನಮ್ಮವರು ಅರಿಶಿನಕ್ಕೆ ಹಾರ ಹಾಕಿಬಿಟ್ಟರು. (ಅರಿಶಿನದ ಕರ್ಕ್ಯುಮಿನ್ ಅಲ್ಜೈಮರ್ಸ್ ರೋಗಿಗಳ ಮೇಲಿನ ಪ್ರಯೋಗಗಳಲ್ಲಿ ಪ್ರಯೋಜನ ತೋರಿಲ್ಲ. ಸಾರಿಗೆ ಹಾಕಿ, ತಪ್ಪಿಲ್ಲ.) 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನ ಪ್ರಕಾರ ಅರವತ್ತು ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಯಾವುದಾದರೊಂದು ಬಗೆಯ ಮರೆವಿನ ರೋಗವಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಅದೇ ವರ್ಷದ ಐಸಿಎಂಆರ್ ಅಧ್ಯಯನದ ಪ್ರಕಾರ ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡ, ಹತ್ತು ಕೋಟಿ ಜನರಿಗೆ ಮಧುಮೇಹ. ಈ ಎರಡು ವರದಿಗಳನ್ನು ಬೇರೆ ಬೇರೆ ಇಲಾಖೆಯ ಕಡತಗಳಲ್ಲಿ ಇಟ್ಟುಕೊಂಡು ಓದುವುದೇ ನಮ್ಮ ದೊಡ್ಡ ಎಡವಟ್ಟು.

ರಕ್ತನಾಳಗಳನ್ನು ಕಾಪಾಡಿದರೆ ಮರೆವು ನಿಜಕ್ಕೂ ಕಡಿಮೆಯಾಗುತ್ತದೆಯೇ, ಅಥವಾ ಆರೋಗ್ಯವಂತರಿಗೆ ಎಲ್ಲ ರೋಗಗಳೂ ಕಡಿಮೆ ಎಂಬಷ್ಟೇ ಮಾತೇ ಎಂಬ ಅನುಮಾನ ನ್ಯಾಯವಾದದ್ದು. ಮರೆವಿನ ಪ್ರಕರಣಗಳಲ್ಲಿ ಶೇ 45ರಷ್ಟನ್ನು ತಡೆಯುವ ಅಥವಾ ಮುಂದೂಡುವ ಸಾಧ್ಯತೆ ಇದೆ ಎಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಹೇಳಿತು. ಅದರ ಹದಿನಾಲ್ಕು ಅಂಶಗಳ ಪಟ್ಟಿಯಲ್ಲಿ ಹಲವಕ್ಕೆ ಇರುವ ಪುರಾವೆ ಜನರನ್ನು ಗಮನಿಸಿ ಕಲೆಹಾಕಿದ್ದು, ಪ್ರಯೋಗದಿಂದ ಬಂದದ್ದಲ್ಲ. ಹಾಗಾಗಿ ಆ ಶೇ 45ನ್ನು ನಾನು ಘೋಷಣೆಯಂತೆ ಬಳಸಲಾರೆ. ಅಮೆರಿಕದ ಸ್ಪ್ರಿಂಟ್ ಪ್ರಯೋಗದಲ್ಲಿ ರಕ್ತದೊತ್ತಡವನ್ನು 120ಕ್ಕೆ ಇಳಿಸಿದವರಲ್ಲಿ ಮರೆವಿನ ಪೂರ್ವಹಂತ ಶೇ 19ರಷ್ಟು ಕಡಿಮೆಯಾಯಿತು, ಪೂರ್ಣ ಪ್ರಮಾಣದ ಮರೆವಿನ ರೋಗದ ಇಳಿಕೆ ಮಾತ್ರ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಆ ಕೊರತೆಯನ್ನು 2025ರಲ್ಲಿ ತುಂಬಿದ್ದು ಚೀನಾದ ಹಳ್ಳಿಗಳು. 326 ಹಳ್ಳಿಗಳ, ಬಿಪಿ ಹತೋಟಿಯಲ್ಲಿಲ್ಲದ 33,995 ಮಂದಿಯನ್ನು ತೆಗೆದುಕೊಂಡು, ಅರ್ಧದಷ್ಟು ಹಳ್ಳಿಗಳಲ್ಲಿ ಪೂರ್ಣ ವೈದ್ಯ ಪದವಿಯಿಲ್ಲದ ಊರ ವೈದ್ಯರ ಕೈಯಲ್ಲೇ ಅಗ್ಗದ ಮಾತ್ರೆ ಕೊಡಿಸಿ, ಬಿಪಿ ನೋಡಿಸಿ, ನಾಲ್ಕು ವರ್ಷ ಬೆನ್ನುಹತ್ತಿದರು. ಆ ಹಳ್ಳಿಗಳಲ್ಲಿ ಮರೆವಿನ ರೋಗ ಶೇ 15ರಷ್ಟು ಕಡಿಮೆಯಾಯಿತು. ಇದೂ ಪವಾಡವಲ್ಲ. ತೀರಾ ವಯಸ್ಸಾದವರಲ್ಲಿ ಒತ್ತಡವನ್ನು ಅತಿಯಾಗಿ ಇಳಿಸಿದರೆ ತಲೆ ಸುತ್ತಿ ಬೀಳುವ ಅಪಾಯವೂ ಇದೆ. ಆದರೆ ಇಲ್ಲಿ ಬಳಸಿದ ಮಾತ್ರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವಂಥದ್ದು, ಅದೇ ಮಾತ್ರೆ ಪಾರ್ಶ್ವವಾಯುವನ್ನೂ ಹೃದಯಾಘಾತವನ್ನೂ ತಡೆಯುತ್ತದೆ. ಕರ್ನಾಟಕದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೇ ಬಂದು ಬಿಪಿ, ಸಕ್ಕರೆ ನೋಡುವ ವ್ಯವಸ್ಥೆ. ಅಳೆದು ಬರೆದುಕೊಂಡು ಹೋಗುವುದರಲ್ಲಿ ನಿಲ್ಲದೆ ವರ್ಷಾನುಗಟ್ಟಲೆ ಹತೋಟಿಯಲ್ಲಿಡುವವರೆಗೆ ಅದು ಹೋದರೆ, ಸರ್ಕಾರ ತನಗೇ ಗೊತ್ತಿಲ್ಲದೆ ಮರೆವಿನ ರೋಗದ ವಿರುದ್ಧ ದೊಡ್ಡ ಕೆಲಸ ಮಾಡಿದಂತಾಗುತ್ತದೆ.

ಹಾಗಾದರೆ ಮೂಲ ಸಂಶೋಧನೆ ಬೇಡವೇ, ಮಾತ್ರೆ ಹಂಚಿದರೆ ಸಾಕೇ? ಸಾಲದು. ನಮ್ಮಲ್ಲಿ ಮೆದುಳು ಹೇಗೆ ಕೆಡುತ್ತದೆ ಎಂಬುದಕ್ಕೆ ಪರದೇಶದ ಉತ್ತರವನ್ನು ಎರವಲು ತರಲಾಗುವುದಿಲ್ಲ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ, ಹೈದರಾಬಾದಿನ 648 ರೋಗಿಗಳ ಅಧ್ಯಯನವೇ ಇದಕ್ಕೆ ಸಾಕ್ಷಿ. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಮರೆವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಶಾಲೆಯ ಮೆಟ್ಟಿಲನ್ನೇ ಹತ್ತದವರಲ್ಲೂ ಈ ಅಂತರ ಕಂಡಿತು. ವಲಸೆ ಬಂದವರು ಮಾತ್ರ ಎರಡು ಭಾಷೆ ಆಡುವ ದೇಶಗಳಲ್ಲಿ ಈ ಪ್ರಶ್ನೆಯನ್ನು ಬಿಡಿಸಿ ನೋಡುವುದೇ ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಡೆಸುತ್ತಿರುವ ಅಧ್ಯಯನ ಇನ್ನೂ ದೊಡ್ಡ ಅವಕಾಶ. 45 ದಾಟಿದ, ಇನ್ನೂ ಮರೆವು ಬಾರದ ಹತ್ತು ಸಾವಿರ ಮಂದಿಯನ್ನು ಸೇರಿಸಿಕೊಂಡು, ಅವರ ಸ್ಮರಣೆ, ರಕ್ತ, ಜೀನ್, ಮೆದುಳಿನ ಎಂಆರ್‌ಐ ಎಲ್ಲವನ್ನೂ ವರ್ಷಗಳುದ್ದಕ್ಕೂ ನೋಡುತ್ತ ಹೋಗುವುದು ಅದರ ಗುರಿ. ರಕ್ತದಲ್ಲಿನ ಟೌ ಅಳೆಯುವ ಪರೀಕ್ಷೆಗೆ 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಅದರ ಮಾನದಂಡಗಳು ಸಿದ್ಧವಾದದ್ದು ಬೇರೆ ಜನರ ರಕ್ತದಲ್ಲಿ. ನಮ್ಮಲ್ಲಿ ಅವು ಎಷ್ಟು ಹೊಂದುತ್ತವೆ ಎಂದು ಹೇಳಬಲ್ಲದ್ದು ಇಂಥ ಅಧ್ಯಯನ ಮಾತ್ರ.

ಇಂಥ ಅಧ್ಯಯನಕ್ಕೆ ಎರಡು ಕೊರತೆಗಳಿವೆ. ಮೊದಲನೆಯದು ಮೆದುಳುಗಳದ್ದೇ. ಸ್ಕ್ಯಾನ್ ಏನೇ ತೋರಿಸಲಿ, ಯಾವ ಯಾವ ಹಾನಿ ಎಷ್ಟೆಷ್ಟು ಸೇರಿ ಮರೆವಾಯಿತು ಎಂಬುದು ತೀರ್ಮಾನವಾಗುವುದು ಸೂಕ್ಷ್ಮದರ್ಶಕದಡಿ. ಸನ್ಯಾಸಿನಿಯರು ಮೆದುಳು ಕೊಡದಿದ್ದರೆ 61ರ ಆ ಲೆಕ್ಕ ಹುಟ್ಟುತ್ತಲೇ ಇರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆ, ಅದು ಇದೆ ಎಂದು ತಿಳಿದ ಕನ್ನಡಿಗರು ಎಷ್ಟು? ಸತ್ತ ದೇಹವನ್ನು ಮುಟ್ಟಲು ನಮ್ಮ ಜನ ಒಪ್ಪುವುದಿಲ್ಲ ಎಂಬ ಸಿದ್ಧ ಉತ್ತರ ಇಲ್ಲಿ ನಿಲ್ಲುವುದಿಲ್ಲ. ಡಾ. ರಾಜ್‌ಕುಮಾರ್ ಅವರ, ಆಮೇಲೆ 2021ರಲ್ಲಿ ಪುನೀತ್ ಅವರ ಕಣ್ಣುಗಳು ದಾನವಾದ ನಂತರ ನೇತ್ರದಾನಕ್ಕೆ ಹೆಸರು ಬರೆಸಲು ಈ ನಾಡಿನ ಜನ ಸಾಲುಗಟ್ಟಿದ್ದರು. ಕೇಳಿದರೆ ಕೊಡುತ್ತಾರೆ, ಮೆದುಳನ್ನು ಯಾರೂ ಗಟ್ಟಿಯಾಗಿ ಕೇಳಿಲ್ಲ. ಎರಡನೆಯದು ಹಣ, ಅದರಲ್ಲೂ ಹಣದ ಅವಧಿ. ಶ್ರೀನಿವಾಸಪುರದ ಅಧ್ಯಯನ ನಡೆಸುತ್ತಿರುವ ಕೇಂದ್ರ ಎದ್ದು ನಿಂತದ್ದು ಇನ್ಫೊಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್‌ನ ದೇಣಿಗೆಯಿಂದ. ಮೆದುಳಿನಲ್ಲಿ ಬದಲಾವಣೆ ಶುರುವಾಗಿ ಮರೆವು ಹೊರಗೆ ಕಾಣುವುದಕ್ಕೆ ಹದಿನೈದು–ಇಪ್ಪತ್ತು ವರ್ಷ ಬೇಕು. ಐವತ್ತರಲ್ಲಿ ಅಧ್ಯಯನಕ್ಕೆ ಸೇರಿದ ಶ್ರೀನಿವಾಸಪುರದ ರೈತ ಮಹಿಳೆಯ ಕಥೆ ಏನಾಯಿತು ಎಂದು ತಿಳಿಯುವುದು 2045ರ ಸುಮಾರಿಗೆ. ಸರ್ಕಾರದ ಸಂಶೋಧನಾ ಅನುದಾನಗಳು ಮೂರು ವರ್ಷಕ್ಕೋ ಐದು ವರ್ಷಕ್ಕೋ ಸಿಗುವಂಥವು, ಪ್ರತಿ ಬಾರಿಯೂ ಹೊಸದೇನಾದರೂ ತೋರಿಸಿ ಅರ್ಜಿ ಹಾಕಬೇಕು. ಅದೇ ಜನರನ್ನು, ಅದೇ ಪರೀಕ್ಷೆಗಳಿಂದ, ಮತ್ತೆ ಇಪ್ಪತ್ತೈದು ವರ್ಷ ನೋಡುತ್ತೇವೆ ಎನ್ನುವ ಅರ್ಜಿಗೆ ಆ ನಮೂನೆಯಲ್ಲಿ ಜಾಗವಿಲ್ಲ. ಕೇಂದ್ರದ ವಿಜ್ಞಾನ ಇಲಾಖೆಗಳೂ ರಾಜ್ಯ ಸರ್ಕಾರವೂ ಸೇರಿ ಇಂಥ ಅಧ್ಯಯನಕ್ಕೆಂದೇ ದೀರ್ಘಾವಧಿಯ ನಿಧಿಯೊಂದನ್ನು ಮುಂದಿನ ಬಜೆಟ್‌ನಲ್ಲೇ ಇಡಬಹುದು. ಒಂದು ಮೇಲ್ಸೇತುವೆಗೆ ಸುರಿಯುವ ಹಣ ಅದಕ್ಕೆ ಬೇಕಾಗುವುದಿಲ್ಲ.